ವರ್ಷಾಂತ್ಯದ ಕೈಗೆಲಸಕ್ಕೆ ಏನನ್ನು ಮಾಡಬೇಕು?

ಕೈಗೆಲಸದ ತರಗತಿಯ ಕಡೆಯ ಕೆಲಸವಾಗಿ ಏನನ್ನು ಮಾಡಬೇಕೆಂಬ ಪ್ರಶ್ನೆಯು ಪ್ರತಿ ವರ್ಷವೂ ಸಂಕ್ರಾಂತಿ ಕಳೆದ ಮೇಲೆ ನಮ್ಮ ಹೈಸ್ಕೂಲುಗಳಲ್ಲಿ ಏಳುತ್ತದೆ. ಪ್ರತಿ ವರ್ಷವೂ ಅದಕ್ಕೆ ಅವಸರದ ಉತ್ತರವೇ ದೊರೆಯುತ್ತದೆ. ವಾರ್ಷಿಕ ಪ್ರದರ್ಶನಕ್ಕೆ ಮೂರು ವಾರಗಳು ಮಾತ್ರ ಉಳಿದಿರುವಾಗ ಉಪಾಧ್ಯಾಯಿನಿಯು ತರಗತಿಯ ಮುಂದೆ ನಿಂತು, ಯಾರು ಯಾರು ಏನೇನು ಮಾಡುವಿರೆಂದು ಕೇಳುತ್ತಾಳೆ. ಮುಂದಿನ ಬೆಂಚಿನ ಇಬ್ಬರು ಕೈಯೆತ್ತುತ್ತಾರೆ. ಒಬ್ಬಳು ಜ್ವಾಲಾಮುಖಿಯೆನ್ನುತ್ತಾಳೆ, ಇನ್ನೊಬ್ಬಳು ಲಿಂಗನಮಕ್ಕಿ ಅಣೆಕಟ್ಟೆನ್ನುತ್ತಾಳೆ. ಉಳಿದ ಮೂವತ್ತು ಮಂದಿ ಇವರಿಬ್ಬರಲ್ಲೊಬ್ಬರನ್ನು ಅನುಸರಿಸುತ್ತಾರೆ. ಅಂದಿನ ಸಂಜೆಯೇ ಪೇಟೆಯ ಅಂಗಡಿಗಳಲ್ಲಿ ಥರ್ಮೋಕೋಲು ಮುಗಿದುಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳಿಬಿಡುತ್ತೇವೆ. ವರ್ಷಾಂತ್ಯದ ಕೈಗೆಲಸವು ಯಾರಾದರೊಬ್ಬರು ನಿಜವಾಗಿ ಉಪಯೋಗಿಸತಕ್ಕ ವಸ್ತುವಾಗಿರಬೇಕು. ಅದನ್ನು ಉಪಯೋಗಿಸಿದವರೇ ಅದರ ಪರೀಕ್ಷಕರಾಗಬೇಕು. ಮತ್ತು ಏನನ್ನು ಮಾಡಬೇಕೆಂಬ ಯೋಚನೆಯು ಫೆಬ್ರವರಿಯಲ್ಲಲ್ಲ, ಶಾಲೆ ಬಾಗಿಲು ತೆರೆಯುವ ಜೂನಿನಲ್ಲಿಯೇ ಆರಂಭವಾಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಬಾಲಿಕೆಯರಿಗೆ ಈ ಕಡೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಯಾಕೆಂದರೆ ಇಲ್ಲಿಯ ಮನೆಗಳ ಕಷ್ಟಗಳಲ್ಲಿ ಮುಕ್ಕಾಲು ಪಾಲು ಮಳೆಯೊಡನೆ ಬರುವವು. ಫೆಬ್ರವರಿಯ ಬಿಸಿಲಿನಲ್ಲಿ ಕುಳಿತು ಮಳೆಗಾಲದ ಕಷ್ಟವನ್ನು ನೆನೆಯುವುದು ಉಂಡವನು ಹಸಿವಿನ ಲೆಕ್ಕ ಹಾಕಿದ ಹಾಗೆ.

ಲಿಂಗನಮಕ್ಕಿಯ ಮಾದರಿಯ ಮೇಲೆ ನಮಗೆ ಹಗೆಯೇನೂ ಇಲ್ಲ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು ಈ ಸೀಮೆಯ ಚರಿತ್ರೆಯನ್ನೇ ಬದಲಿಸಿತು. ಆದರೆ ಮೇಜಿನ ಮೇಲಿನ ಮಾದರಿಯಲ್ಲಿ ಗೋಡೆಯೊಂದು ಬೂದು ಬಣ್ಣದ್ದು, ಅದರ ಹಿಂದೆ ನೀಲಿ ಬಣ್ಣ ಬಳಿದ ಹಲಗೆ, ಅದರ ಮುಂದೆ ಬ್ಯಾಟರಿಗೆ ತಗುಲಿಸಿದ ಮೂರು ಪುಟ್ಟ ದೀಪಗಳು. ಆ ನೀಲಿಯ ಅಡಿಯಲ್ಲಿ ಯಾವ ಊರುಗಳಿದ್ದವು, ಯಾರ ಗದ್ದೆ ತೋಟಗಳಿದ್ದವು ಎಂದು ಕೇಳಿದರೆ ಮಾದರಿಯನ್ನು ಮಾಡಿದವಳು ಅಧ್ಯಾಪಕಿಯ ಮುಖ ನೋಡುತ್ತಾಳೆ; ಅವಳ ಅಜ್ಜಿಯೇ ಆ ನೀರಿನಿಂದ ಎದ್ದು ಬಂದವಳಾಗಿದ್ದರೂ ಇರಬಹುದು. 2025ರಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆದುದರಿಂದ ಇನ್ನು ಕೆಲವು ವರ್ಷ ಅದರ ಮಾದರಿಗೆ ಗಿರಾಕಿ ಹೆಚ್ಚುವುದೆಂದು ಧೈರ್ಯವಾಗಿ ಹೇಳಬಹುದು. ಮಾದರಿಗಳನ್ನು ಮಾಡುವುದು ತಪ್ಪಲ್ಲ. ಆದರೆ ಅವುಗಳಿಗೆ ಬೀಳುವ ಖರ್ಚನ್ನೂ, ಅವುಗಳಿಗೆ ಬರುವ ಬಹುಮಾನವನ್ನೂ ಕೂಡಿಸಿ ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ತಂದೆಯು ಬಡಗಿಯಿಂದ ಮಾಡಿಸಿಕೊಟ್ಟ ಮಾದರಿಯು ಮೊದಲನೆಯ ಬಹುಮಾನವನ್ನು ಪಡೆಯುವುದನ್ನೂ, ತಾನೇ ಹೆಣೆದ ಬುಟ್ಟಿಯನ್ನು ಮೂಲೆಯಲ್ಲಿಟ್ಟುಕೊಂಡು ನಿಂತ ಕೂಲಿಯವಳ ಮಗಳು ಬರಿಗೈಯಲ್ಲಿ ಮನೆಗೆ ಹೋಗುವುದನ್ನೂ ನಾವು ಒಂದಕ್ಕಿಂತ ಹೆಚ್ಚು ಸಾರಿ ಕಂಡಿದ್ದೇವೆ. ಆ ಬಾಲಿಕೆಯು ಅಂದು ಕಲಿತ ಪಾಠವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಉಪಯೋಗದ ವಸ್ತುವನ್ನೇ ಮಾಡಿಸಬೇಕೆಂಬುದು ಹೊಸ ಮಾತಲ್ಲ. ಸ್ವೀಡನ್ ದೇಶದ ಒಟ್ಟೊ ಸಾಲೊಮನ್ ಎಂಬವರು 1870ರ ದಶಕದಿಂದ ನ್ಯಾಸ್ ಎಂಬಲ್ಲಿ ಉಪಾಧ್ಯಾಯರಿಗೆ ಕೈಗೆಲಸದ ಶಿಕ್ಷಣವನ್ನು ಕೊಡುತ್ತಿದ್ದಾಗ, ಮಗುವು ಮಾಡುವ ವಸ್ತುವು ಅದರ ಮನೆಗೆ ಉಪಯೋಗವಾಗಬೇಕು, ಶೃಂಗಾರದ ಸಾಮಾನಾಗಿರಬಾರದು, ಮತ್ತು ಮಗುವು ಪರರ ಸಹಾಯವಿಲ್ಲದೆ ಅದನ್ನು ಪೂರ್ಣಗೊಳಿಸಬೇಕು ಎಂದು ನಿಯಮವಿಟ್ಟಿದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಶಿಕ್ಷಣ ಸಮ್ಮೇಳನವೂ, ಅನಂತರದ ಝಾಕಿರ್ ಹುಸೇನ್ ಸಮಿತಿಯೂ ಕಸುಬನ್ನು ಶಿಕ್ಷಣದ ನಡುವಿನಲ್ಲಿ ಇಟ್ಟವು. 1977ರಲ್ಲಿ ಈಶ್ವರಭಾಯಿ ಪಟೇಲರ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಉದ್ದನೆಯ ಹೆಸರನ್ನು ಕೊಟ್ಟಿತು. ಹೆಸರು ವೇಳಾಪಟ್ಟಿಯಲ್ಲಿ ಉಳಿಯಿತು, ಆ ಪಿರಿಯಡ್ಡು ಅನೇಕ ಕಡೆಗಳಲ್ಲಿ ಗಣಿತದ ಪಾಲಾಯಿತು. 2016ರಿಂದ ಕೇಂದ್ರ ಸರಕಾರದವರು ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿಗಳವರೆಗೆ ನೆರವನ್ನಿತ್ತು ಅಟಲ್ ಪ್ರಯೋಗಶಾಲೆಗಳನ್ನು ಸ್ಥಾಪಿಸುತ್ತಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರೇ ಮುಂತಾದವರ ಬಳಿಯಲ್ಲಿ ಕಲಿಯಬೇಕೆಂದು ಹೇಳಿದೆ. ಹೀಗಿರಲಾಗಿ ನಮಗೆ ಕೊರತೆಯಾಗಿರುವುದು ಆಜ್ಞೆಗಳಲ್ಲ. ಮೂರು ಆಯಾಮದ ಮುದ್ರಣಯಂತ್ರವನ್ನು ತಂದು ಬೀಗ ಹಾಕಿಟ್ಟಿರುವ ಕೊಠಡಿಯಲ್ಲಿಯೂ, ಕತ್ತರಿಯೊಂದೇ ಇರುವ ಶಾಲೆಯಲ್ಲಿಯೂ ತೊಡಕು ಒಂದೇ: ಏನನ್ನು ಮಾಡೋಣ?

ಈ ಪ್ರಶ್ನೆಗೆ ಉತ್ತರವನ್ನು ಕೂಡಿಸುವ ಕ್ರಮವನ್ನು ಕುರಿತು ಎರಡು ಮಾತು. ಅಮೆರಿಕದಲ್ಲಿ ಜಾಹೀರಾತಿನ ಕಸುಬಿನವರಾದ ಅಲೆಕ್ಸ್ ಆಸ್ಬರ್ನ್ ಎಂಬವರು 1948ರ ತಮ್ಮ ಪುಸ್ತಕವೊಂದರಲ್ಲಿ, ಹತ್ತು ಮಂದಿ ಒಟ್ಟಿಗೆ ಕುಳಿತು ಬಾಯಿಗೆ ಬಂದ ಯೋಚನೆಗಳನ್ನೆಲ್ಲ ಹೇಳಬೇಕು, ಯಾರೂ ಹಳಿಯಬಾರದು, ಆರಿಸುವುದು ಆಮೇಲಿನ ಕೆಲಸ ಎಂಬ ರೀತಿಯನ್ನು ಪ್ರಚಾರಪಡಿಸಿದರು. ಹಳಿಯಬಾರದೆಂಬ ಮಾತು ಬಹಳ ಒಳ್ಳೆಯದು. ನಮ್ಮ ತರಗತಿಗಳಲ್ಲಿ ಒಬ್ಬಳ ಯೋಚನೆಯು ಬಾಯಿಂದ ಹೊರಡುವುದರೊಳಗೆ ಹಿಂದಿನ ಬೆಂಚಿನ ನಗೆ ಅದನ್ನು ಮುಗಿಸಿಬಿಡುತ್ತದೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ ನೋಡಲಾಗಿ, ನಾಲ್ವರು ಒಟ್ಟಿಗೆ ಕುಳಿತು ಯೋಚಿಸಿದುದಕ್ಕಿಂತ, ನಾಲ್ವರು ಬೇರೆ ಬೇರೆ ಕುಳಿತು ಬರೆದುದನ್ನು ಕೂಡಿಸಿದಾಗ ಹೆಚ್ಚು ಯೋಚನೆಗಳು ದೊರೆತವು. ಬಾಲಿಕೆಯರೊಡನೆ ಇದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಗಟ್ಟಿಯಾಗಿ ಮಾತನಾಡುವವಳ ಯೋಚನೆ ಎಲ್ಲರ ಯೋಚನೆಯಾಗಿ ಹೋಗುತ್ತದೆ. ಮಾತು ಕಡಿಮೆಯಾದವಳು ತನ್ನದನ್ನು ನುಂಗಿಕೊಳ್ಳುತ್ತಾಳೆ.

ಆದಕಾರಣ ನಾವು ಸೂಚಿಸುವುದೇನೆಂದರೆ, ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಪ್ರತಿಯೊಬ್ಬಳಿಗೂ ನಾಲ್ಕು ಚೀಟಿಗಳನ್ನು ಕೊಡತಕ್ಕದ್ದು. ಏನು ಮಾಡಬೇಕೆಂದಿದ್ದೀಯೆ ಎಂದು ಕೇಳಬಾರದು. ಮನೆಯಲ್ಲಿ ಯಾವ ಕೆಲಸದಿಂದ ಯಾರಿಗೆ ಬೆನ್ನು ನೋಯುತ್ತದೆ, ಯಾರ ಕೈಗೆ ಗಾಯವಾಗುತ್ತದೆ, ಏನು ಕೆಡುತ್ತದೆ, ಏನು ಒಣಗುವುದಿಲ್ಲ ಎಂದು ಕೇಳತಕ್ಕದ್ದು. ಒಂದು ವಾರ ಮನೆಯವರನ್ನು ನೋಡುತ್ತಿದ್ದು ಬರೆದು ತರಲಿ. ಚೀಟಿಯ ಮೇಲೆ ಹೆಸರು ಬೇಡ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಉಪಾಧ್ಯಾಯಿನಿಯು ಒಂದೊಂದಾಗಿ ಓದಲಿ. ಮೂವತ್ತು ಮಂದಿಯ ತರಗತಿಯಿಂದ ನೂರಿಪ್ಪತ್ತು ಚೀಟಿಗಳು ಬರುವವು; ಅರ್ಧಕ್ಕರ್ಧ ಒಂದೇ ತರದವು ಇದ್ದರೂ ಅದೇ ನಮಗೆ ಬೇಕಾದ ಸಂಗತಿ.

ಹೆಸರಿಲ್ಲದ ಚೀಟಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. ಜುಲೈ ತಿಂಗಳಲ್ಲಿ ಘಟ್ಟದಂಚಿನ ಊರುಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಸಮವಸ್ತ್ರವು ಹಸಿಯಾಗಿಯೇ ಮೈಮೇಲೆ ಬರುತ್ತದೆ. ಎರಡೇ ಜೊತೆಯಿರುವವಳ ಗತಿಯನ್ನು ಹೇಳಬೇಕಾಗಿಲ್ಲ. ಇದನ್ನು ಯಾವ ಬಾಲಿಕೆಯಾದರೂ ಕೈಯೆತ್ತಿ ಹೇಳಿಯಾಳು. ಆದರೆ ತಿಂಗಳ ಬಟ್ಟೆಯನ್ನು ಒಗೆದು ಎಲ್ಲಿ ಒಣಗಿಸಬೇಕು, ಗಂಡಸರ ಕಣ್ಣಿಗೆ ಬೀಳಬಾರದೆಂದು ಹಸಿ ಸೀರೆಯ ಅಡಿಯಲ್ಲಿ ಮರೆಮಾಡಿ ಹಾಕಿದ ಬಟ್ಟೆ ಮಾರನೆಯ ದಿನವೂ ಹಸಿಯಾಗಿಯೇ ಇದ್ದರೆ ಏನು ಮಾಡಬೇಕು ಎಂಬುದನ್ನು ಮೂವತ್ತು ಮಂದಿಯ ಎದುರಿನಲ್ಲಿ ಯಾವಳೂ ಹೇಳಲಾರಳು. ಚೀಟಿಯಲ್ಲಿ ಬರೆದಾಳು. ಹಾಗೆ ಬರೆದ ಒಂದು ಚೀಟಿಯನ್ನು ಗಟ್ಟಿಯಾಗಿ ಓದಿದಾಗ ತರಗತಿಯು ಸುಮ್ಮನಾಗುವುದು, ಯಾಕೆಂದರೆ ಅದು ಎಲ್ಲರ ಮಾತು. ಹಸಿ ಬಟ್ಟೆಯಿಂದ ಚರ್ಮಕ್ಕೆ ಉಂಟಾಗುವ ಬಾಧೆಯನ್ನು ವೈದ್ಯರು ಬಲ್ಲರು. ನಮ್ಮ ಪ್ರದರ್ಶನಗಳಲ್ಲಿ ಇಷ್ಟು ವರ್ಷ ಎಷ್ಟೋ ಜ್ವಾಲಾಮುಖಿಗಳು ಹೊಗೆಯುಗುಳಿದವು. ಈ ಕಷ್ಟಕ್ಕೆ ಒಂದು ಪೆಟ್ಟಿಗೆಯನ್ನು ಯಾರೂ ಮಾಡಲಿಲ್ಲ.

ಅದನ್ನು ಮಾಡುವುದು ಅಸಾಧ್ಯವೇ? ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆಯು ಈಗಲೂ ಬೆಳಗಿನಿಂದ ಉರಿಯುತ್ತಿರುತ್ತದೆ. ಅದರ ಹಿಂದಿನ ಗೋಡೆಯು ಮಧ್ಯಾಹ್ನದವರೆಗೆ ಬೆಚ್ಚಗಿರುತ್ತದೆ. ಆ ಗೋಡೆಗೆ ಹೊಂದಿಕೊಳ್ಳುವಂತೆ, ಒಂದು ಮೊಳ ಅಗಲದ, ಕೆಳಗೂ ಮೇಲೂ ಗಾಳಿಯಾಡಲು ಜಾಲರಿಯಿರುವ, ಮುಂದೆ ಬಾಗಿಲಿರುವ ಮರದ ಪೆಟ್ಟಿಗೆಯೊಂದು ಸಾಕು. ಸಮವಸ್ತ್ರಕ್ಕಾದರೆ ಒಲೆಯ ಮೇಲಿನ ಜಂತಿಗೆ ರಾಟೆಯನ್ನು ಕಟ್ಟಿ, ಹಗ್ಗದಿಂದ ಇಳಿಸಿ ಏರಿಸುವ ಬಿದಿರಿನ ಚೌಕಟ್ಟು. ಹೊಗೆಯ ವಾಸನೆ ಹತ್ತದಂತೆ ಎಷ್ಟು ದೂರವಿರಬೇಕು? ಕಿಡಿ ತಾಗದಂತೆ ಏನು ಮಾಡಬೇಕು? ಒದ್ದೆ ಬಟ್ಟೆಯನ್ನು ತಕ್ಕಡಿಯಲ್ಲಿ ತೂಗಿ, ಎರಡು ಗಂಟೆಗೊಮ್ಮೆ ಮತ್ತೆ ತೂಗಿ, ನೀರು ಎಷ್ಟು ಹೋಯಿತೆಂದು ಕೋಷ್ಟಕ ಬರೆಯಬಹುದು. ಬಯಲಲ್ಲಿ ನೇತುಹಾಕಿದ ಬಟ್ಟೆಯೊಡನೆ ಹೋಲಿಸಬಹುದು. ಆವಿಯಾಗುವಿಕೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಾಯ ನಮಗೆ ತೋರದು.

ಇನ್ನು ಗೊರಬಿನ ಮಾತು. ನಾಟಿಯ ಕಾಲದಲ್ಲಿ ಗದ್ದೆಗಿಳಿದ ಹೆಂಗಸರು ತಲೆಯಿಂದ ಬೆನ್ನಿನ ಕೆಳಗಿನವರೆಗೆ ಹೊದೆಯುತ್ತಿದ್ದ, ಬಿದಿರ ಸೀಳುಗಳ ನಡುವೆ ಎಲೆಗಳನ್ನಿಟ್ಟು ಹೆಣೆದ ಆ ಸಾಧನವನ್ನು ಈಗಿನ ಬಾಲಿಕೆಯರಲ್ಲಿ ಅನೇಕರು ವಸ್ತುಸಂಗ್ರಹಾಲಯದಲ್ಲಿ ನೋಡಿರುವರೇ ಹೊರತು ಹೊದ್ದು ನೋಡಿಲ್ಲ. ಅದರ ಜಾಣತನವನ್ನು ಸ್ವಲ್ಪ ವಿಚಾರಿಸಿರಿ. ಕೊಡೆ ನಿಂತವರಿಗಾಗಿ ಮಾಡಲ್ಪಟ್ಟದ್ದು. ಅದಕ್ಕೆ ಒಂದು ಕೈ ಮೀಸಲು. ನಾಟಿ ಮಾಡುವವಳು ಬಾಗಿರುತ್ತಾಳೆ, ಅವಳ ಎರಡು ಕೈಗಳೂ ಕೆಸರಿನಲ್ಲಿರುತ್ತವೆ, ಮಳೆ ಬೀಳುವುದು ಬೆನ್ನಿನ ಮೇಲೆ. ಗೊರಬು ಬಾಗಿದ ಬೆನ್ನಿಗೆ ತಕ್ಕಂತೆ ದೋಣಿಯ ಹಾಗೆ ಬಳುಕಿದೆ, ನೀರು ಅಂಚಿನಿಂದ ಆಚೆಗೆ ಹರಿಯುತ್ತದೆ, ಒಳಗೆ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಹಾಳೆ ಬಂದು ಅದನ್ನು ಓಡಿಸಿತು, ಯಾಕೆಂದರೆ ಹಾಳೆ ಅಗ್ಗ, ಹಗುರ, ಮಡಿಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಆದರೆ ಹಾಳೆಯೊಳಗೆ ಬೆವರಿನಿಂದಲೇ ಬೆನ್ನು ಒದ್ದೆಯಾಗುವುದೆಂದು ನಾಟಿಯವರನ್ನು ಕೇಳಿದರೆ ತಿಳಿದೀತು. ಗೊರಬಿನ ಆಕಾರವನ್ನೂ ಹಾಳೆಯ ಹಗುರವನ್ನೂ ಕೂಡಿಸಿ ಹೊಸದೊಂದನ್ನು ಮಾಡುವ ಕೆಲಸಕ್ಕೆ ಒಂಬತ್ತನೆಯ ತರಗತಿಯ ನಾಲ್ವರು ಬಾಲಿಕೆಯರು ಸಾಕು. ಊರಲ್ಲಿ ಗೊರಬು ಹೆಣೆಯಬಲ್ಲ ಅಜ್ಜಿಯೋ ಮುದುಕನೋ ಉಳಿದಿದ್ದರೆ ಅವರನ್ನು ಶಾಲೆಗೆ ಕರೆದು, ದಿನದ ಕೂಲಿಯನ್ನು ಕೊಟ್ಟು, ಉಪಾಧ್ಯಾಯರ ಕುರ್ಚಿಯಲ್ಲಿ ಕೂರಿಸಬೇಕು. ಇದನ್ನು ಹೆಣೆದವರನ್ನು ಯಾರೂ ಎಂಜಿನಿಯರುಗಳೆಂದು ಕರೆಯಲಿಲ್ಲ. ಎಂಜಿನಿಯರಿಗಿಂತ ಕಡಿಮೆಯಾದದ್ದನ್ನೂ ಅವರು ಮಾಡಲಿಲ್ಲ.

ಅಡಿಕೆಯ ಮನೆಗಳಿಂದ ಬರುವ ಚೀಟಿಗಳು ಬೇರೆ ತರದವು. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದು ಗಂಟೆಯವರೆಗೂ ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸರ ಬೆರಳುಗಳನ್ನು ನೋಡಿರಿ: ಕಪ್ಪಗೆ ಕಲೆ, ಅಲ್ಲಲ್ಲಿ ಗಾಯದ ಗುರುತು. ಸುಲಿಯುವ ಯಂತ್ರಗಳು ದೊಡ್ಡ ಮನೆಗಳಿಗೆ ಬಂದಿವೆ. ಅರ್ಧ ಎಕರೆಯವರಿಗೆ ಮೆಟ್ಟುಗತ್ತಿಯೇ ಗತಿ. ಹಳೆಯ ಸೈಕಲ್ ಟ್ಯೂಬಿನಿಂದ ಬೆರಳಿಗೊಂದು ಕವಚ, ಕೂರುವ ಮಣೆಯನ್ನು ನಾಲ್ಕು ಬೆರಳು ಎತ್ತರಿಸುವುದು, ಸೊಂಟಕ್ಕೊಂದು ಒರಗು, ಇಂಥ ಸಣ್ಣ ಕೆಲಸಗಳೇ ಅಲ್ಲಿ ದೊಡ್ಡವು. ಕೊಳೆರೋಗದ ವಿಷಯದಲ್ಲಿಯೂ ಮಾಡಬೇಕಾದದ್ದುಂಟು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಮಲೆನಾಡಿನ ತೋಟಗಳಲ್ಲಿ ಅಭ್ಯಾಸಮಾಡಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಅದಕ್ಕೂ ಮೊದಲಿನಿಂದ ರೈತರು ಗೊನೆಗಳಿಗೆ ಹುಲ್ಲಿನ ಅಥವಾ ಹಾಳೆಯ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಈಗ ಬೋರ್ಡೋ ದ್ರಾವಣವೇ ಮುಖ್ಯ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಸುಣ್ಣ ಸಾಲದಿದ್ದರೆ ದ್ರಾವಣವು ಹುಳಿಯಾಗಿ ಗೊನೆಯನ್ನು ಸುಡುತ್ತದೆ. ಅದನ್ನು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಕೆಂಪು ಹತ್ತುವುದೋ ನೋಡುತ್ತಾರೆ. ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡುವ ಕಬ್ಬಿಣ–ತಾಮ್ರದ ಪಲ್ಲಟವೇ ಇದು, ಅಪ್ಪನ ಕತ್ತಿಯ ಮೇಲೆ. ಕೊನೆಗೌಡನಿಗೆ ಹಗುರವಾದ, ಬೇಗ ಕಟ್ಟಿ ಬಿಚ್ಚಬಲ್ಲ ಕೊಟ್ಟೆಯೊಂದನ್ನು ಬಾಲಿಕೆಯರು ಯೋಚಿಸಿ ಮಾಡಿಕೊಟ್ಟರೆ, ಮರದ ಮೇಲಿಂದ ಅವನು ಹೇಳುವ ನಾಲ್ಕು ಮಾತಿಗಿಂತ ಕಟ್ಟುನಿಟ್ಟಾದ ಪರೀಕ್ಷೆ ಇಲ್ಲ. ಮೈಲುತುತ್ತವನ್ನು ಮಾತ್ರ ದೊಡ್ಡವರ ಕಣ್ಣೆದುರಿನಲ್ಲಿಯೇ ಮುಟ್ಟತಕ್ಕದ್ದು.

ನಮಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಳೆಯನ್ನು ಅಳೆಯುವ ಕೆಲಸ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದರೊಡನೆ ಪೈಪೋಟಿ ನಡೆಸುತ್ತದೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 1000. ಘಟ್ಟದಂಚಿನಿಂದ ಮೂಡಲಿಗೆ ಸರಿದಂತೆ ಮಳೆ ಬೇಗಬೇಗನೆ ಇಳಿಯುತ್ತದೆ. ಒಂದೇ ತಾಲ್ಲೂಕಿನ ಎರಡು ಹೋಬಳಿಗಳ ನಡುವೆ ಎಷ್ಟೋ ಅಂತರ. ನಮ್ಮ ಬಾಲಿಕೆಯರಾದರೋ ಇಂಥ ಹತ್ತು ಹದಿನೈದು ಊರುಗಳಿಂದ ಬರುವವರು. ಪ್ರತಿಯೊಬ್ಬಳೂ ತನ್ನ ಅಂಗಳದಲ್ಲಿ ಒಂದು ಮಾಪಕವನ್ನಿಟ್ಟು, ಹವಾಮಾನ ಇಲಾಖೆಯವರು ಓದುವ ಹೊತ್ತಿಗೆ, ಎಂದರೆ ಬೆಳಗ್ಗೆ ಎಂಟೂವರೆಗೆ, ಅಂಕಿಯನ್ನು ಬರೆದರೆ, ಸೆಪ್ಟೆಂಬರಿನ ಕೊನೆಗೆ ಈ ಸೀಮೆಯ ಮಳೆಯ ನಕ್ಷೆಯೊಂದು ಶಾಲೆಯ ಗೋಡೆಯ ಮೇಲೆ ಇರುವುದು. ಶಾಲೆಗೆ ಬೇಗ ಹೊರಡಬೇಕಾದವಳ ಪಾಲಿನದನ್ನು ಮನೆಯಲ್ಲಿರುವ ಅಜ್ಜಿ ಓದಲಿ. ಅಜ್ಜಿಗೆ ಅಂಕಿ ಬಾರದಿದ್ದರೆ ಇದೇ ಕಾರಣದಿಂದ ಕಲಿಯಲಿ.

ಮಾಪಕಕ್ಕೆ ಬೇಕಾದದ್ದು ನೆಟ್ಟಗಿನ ಗೋಡೆಯ ಬಾಟಲಿ ಒಂದು. ಅದರ ಕುತ್ತಿಗೆಯನ್ನು ಕತ್ತರಿಸಿ ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸಬೇಕು. ತಳ ಉಬ್ಬುತಗ್ಗಾಗಿದ್ದರೆ ಸಿಮೆಂಟನ್ನೋ ಮೇಣವನ್ನೋ ಹುಯ್ದು ಸಮಮಾಡಬೇಕು. ಅಲ್ಲಿಂದ ಮೇಲಕ್ಕೆ ಸ್ಕೇಲು. ಬಾಯಿಯ ಅಗಲವೂ ಒಡಲಿನ ಅಗಲವೂ ಒಂದೇ ಆಗಿದ್ದರೆ ಒಂದು ಮಿಲಿಮೀಟರು ಮಳೆಗೆ ಒಂದು ಮಿಲಿಮೀಟರು ನೀರು. ಬಾಯಿ ಹತ್ತು ಸೆಂಟಿಮೀಟರು, ಒಡಲು ಐದು ಸೆಂಟಿಮೀಟರು ಆದರೆ ಒಂದಕ್ಕೆ ನಾಲ್ಕು ಏರುವುದು. ಯಾಕೆಂದು ಕೇಳಿದಾಗ ವೃತ್ತದ ಕ್ಷೇತ್ರಫಲವು ಮೊದಲನೆಯ ಸಾರಿ ಅವರ ಕೆಲಸಕ್ಕೆ ಬರುತ್ತದೆ. ಇಲ್ಲಿ ಒಂದು ಸ್ವಾರಸ್ಯವುಂಟು. ಪುಸ್ತಕಗಳಲ್ಲಿ ಕೊಟ್ಟಿರುವ ಮಾಪಕವು ಬಯಲುಸೀಮೆಯ ಮಳೆಗೆ ಸರಿಹೋಗುವಂಥದು. ದಿನಕ್ಕೆ 204.4 ಮಿಲಿಮೀಟರನ್ನು ಮೀರಿದರೆ ಇಲಾಖೆಯವರು ಅದನ್ನು ಅತ್ಯಂತ ಭಾರಿ ಮಳೆಯೆನ್ನುತ್ತಾರೆ; ಆಗುಂಬೆಯ ಕಡೆಯವಳ ಇಪ್ಪತ್ತು ಸೆಂಟಿಮೀಟರಿನ ಬಾಟಲಿಯು ಅಂಥ ರಾತ್ರಿ ತುಂಬಿ ಚೆಲ್ಲಿಹೋಗುವುದು. ಅವಳು ಏನು ಮಾಡಬೇಕು? ಎತ್ತರದ ಕೊಳವೆಯೇ? ಹೊರಚೆಲ್ಲಿದ್ದನ್ನು ಹಿಡಿಯುವ ಎರಡನೆಯ ಪಾತ್ರೆಯೇ? ರಾತ್ರಿ ಎದ್ದು ಒಮ್ಮೆ ಬರಿದುಮಾಡುವುದೇ? ಉತ್ತರವನ್ನು ನಾವು ಇಲ್ಲಿ ಬರೆಯುವುದಿಲ್ಲ. ಪುಸ್ತಕದ ಮಾಪಕವು ತನ್ನ ಊರಿಗೆ ಸಾಲದೆಂದು ಕಂಡುಕೊಂಡ ಬಾಲಿಕೆಗೆ ಆ ದಿನವೇ ಪೂರ್ಣ ಅಂಕಗಳನ್ನು ಕೊಟ್ಟುಬಿಡಬಹುದು.

ಹಸೆ ಚಿತ್ತಾರವನ್ನೂ ಗುಡಿಗಾರರ ಕೆತ್ತನೆಯನ್ನೂ ಕುರಿತು ಕೇಳುವವರಿದ್ದಾರೆ. ಸಾಗರವೆಂದರೆ ಶ್ರೀಗಂಧದ ಕೆತ್ತನೆ, ಬೆಂಡಿನ ಬಾಸಿಂಗ ಎಂದು ಹೊರಗಿನವರು ಬಲ್ಲರು. ಆದರೆ ಗುಡಿಗಾರರ ಮಕ್ಕಳು ವರ್ಷಗಟ್ಟಲೆ ಕುಳಿತು ಕಲಿಯುವುದನ್ನು ಹದಿನೈದು ಪಿರಿಯಡ್ಡುಗಳಲ್ಲಿ ಕಲಿಸುತ್ತೇವೆಂಬುದು ಆ ಕಸುಬಿಗೆ ಮಾಡುವ ಅಗೌರವ. ದೀವರ ಹೆಂಗಸರ ಚಿತ್ತಾರವಾದರೋ ಮದುವೆಯ ಮನೆಯ ಗೋಡೆಯ ಮೇಲೆ ಹುಟ್ಟಿದ್ದು; ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದನ್ನು ಅಂಗಡಿಯ ಬಣ್ಣದಲ್ಲಿ ಫೈಲಿನ ರಟ್ಟಿನ ಮೇಲೆ ನಕಲುಮಾಡಿ ಬಹುಮಾನ ಪಡೆಯುವುದು ನಮಗೆ ಸರಿಕಾಣದು. ಬಣ್ಣವನ್ನು ಮಾಡುವುದನ್ನೇ ಕೆಲಸವಾಗಿ ತೆಗೆದುಕೊಂಡರೆ ಬೇರೆ ಮಾತು: ಯಾವ ಕೆಮ್ಮಣ್ಣು ಗೋಡೆಗೆ ಹಿಡಿಯುತ್ತದೆ, ಯಾವುದು ಒರೆಸಿದರೆ ಹೋಗುತ್ತದೆ, ಯಾವ ಹಳದಿ ಮಳೆಗಾಲ ಕಳೆದರೂ ಮಾಸದು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಎಂಬ ಹೆಂಗಸರ ಸಹಕಾರ ಸಂಘದವರು ಅಡಿಕೆಯ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟಿ ಮಗ್ಗದ ಬಟ್ಟೆ ನೇಯ್ದಿದ್ದಾರೆ. ಅಡಿಕೆ ಬೇಯಿಸಿ ಉಳಿದ ಆ ಕಂದು ನೀರು ನಮ್ಮ ಬಾಲಿಕೆಯರ ಮನೆಗಳಲ್ಲಿ ಎಷ್ಟೋ ಇದೆ.

ಒಂದು ಆಕ್ಷೇಪವನ್ನು ಮಾತ್ರ ನಾವು ಹಗುರವಾಗಿ ತಳ್ಳಿಹಾಕಲಾರೆವು. ಬಟ್ಟೆ, ಒಲೆ, ಮಣೆ, ಗೊರಬು ಎಂದು ಹೇಳುತ್ತ ನೀವು ಹೆಣ್ಣುಮಕ್ಕಳನ್ನು ತಿರುಗಿ ಅಡಿಗೆಮನೆಗೇ ಕಳುಹುತ್ತೀರಿ; ಗಂಡುಮಕ್ಕಳ ಶಾಲೆಯಲ್ಲಿ ಯಂತ್ರಮಾನವನನ್ನು ಮಾಡುತ್ತಿರುವಾಗ ಇವರು ಬಚ್ಚಲ ಒಲೆಯ ಹಿಂದೆ ಪೆಟ್ಟಿಗೆ ಇಡಬೇಕೇ ಎಂದು ಕೆಲವು ತಾಯಂದಿರೇ ಕೇಳುತ್ತಾರೆ. ಅವರ ಭಯಕ್ಕೆ ಆಧಾರವುಂಟು. ಬಾಲಿಕಾ ಪಾಠಶಾಲೆಗಳಲ್ಲಿ ಬಹುಕಾಲ ಕೈಗೆಲಸವೆಂದರೆ ಹೊಲಿಗೆ, ಕಸೂತಿ, ಲೇಸು ಎಂದೇ ಅರ್ಥವಾಗಿತ್ತು. ಗರಗಸ ಸುತ್ತಿಗೆಗಳು ಬಾಲಕರ ಶಾಲೆಗೆ ಹೋದವು. ಅದೇ ಕಾಲದಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಿದ್ದರೆಂಬುದನ್ನು ನೆನೆದರೆ, ಕೈಗೆಲಸಕ್ಕೆ ಇನ್ನೆಷ್ಟು ವಿಶಾಲವಾದ ಅರ್ಥವಿರಬಹುದಾಗಿತ್ತೆಂದು ತೋರುತ್ತದೆ.

ಆದರೆ ಮನೆಯ ಕೆಲಸವನ್ನು ಕೀಳೆಂದು ಬಿಟ್ಟುಬಿಟ್ಟರೆ ಅದನ್ನು ಸುಲಭಮಾಡುವವರು ಯಾರು? 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಸ್ತ್ರ ಎಂಬ ಕೇಂದ್ರವು ಸ್ಥಾಪಿತವಾಗಿ, ಅಲ್ಲಿಯ ವಿಜ್ಞಾನಿಗಳು ವರ್ಷಗಟ್ಟಲೆ ಸೌದೆಯ ಒಲೆಯ ಹಿಂದೆಯೇ ಬಿದ್ದು, ಹೊಗೆ ಕಡಿಮೆಯಾದ ಅಸ್ತ್ರ ಒಲೆಯನ್ನು ರೂಪಿಸಿದರು. ಅವರನ್ನು ಯಾರೂ ಅಡಿಗೆಮನೆಗೆ ಕಳುಹಿಸಲ್ಪಟ್ಟವರೆನ್ನಲಿಲ್ಲ. ನಾವು ಹೇಳುವ ಪೆಟ್ಟಿಗೆಯನ್ನು ಮಾಡಲು ಬಾಲಿಕೆಯು ಗರಗಸ ಹಿಡಿಯಬೇಕು, ತಿರುಪು ತಿರುಗಿಸಬೇಕು, ಅಳತೆಯ ನಕ್ಷೆ ಬರೆಯಬೇಕು. ಬೆಸುಗೆ ಹಾಕುವ ಕಾವಲಿಯೂ ಅವಳ ಕೈಗೆ ಬರಲಿ. ಅಂಗಳದಲ್ಲಿ ಅಡಿಕೆ ಹರಡಿರುವಾಗ ನವೆಂಬರಿನಲ್ಲಿ ಅಕಾಲದ ಮಳೆ ಬಂದರೆ ಮನೆಯವರನ್ನು ಎಚ್ಚರಿಸುವ ಗಂಟೆಯನ್ನು ಎರಡು ತಂತಿ, ಒಂದು ಟ್ರಾನ್ಸಿಸ್ಟರು, ಒಂದು ಬ್ಯಾಟರಿ, ಒಂದು ಬಜರಿನಿಂದ ಮಾಡಬಹುದು: ಹನಿ ಬಿದ್ದು ತಂತಿಗಳ ನಡುವೆ ಹರಡಿದೊಡನೆ ವಿದ್ಯುತ್ತು ಹರಿಯುವುದು, ಗಂಟೆ ಬಾರಿಸುವುದು. ಇಬ್ಬನಿಗೂ ಬಾರಿಸಿ ನಡುರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿದರೆ? ಆಗ ತಂತಿಗಳ ಅಂತರವನ್ನು ತಿದ್ದಬೇಕು. ಆರ್ಡುಯಿನೋ ಪಟ್ಟಿಯೂ ಬರಲಿ, ಮುದ್ರಣಯಂತ್ರದ ಬೀಗವೂ ತೆರೆಯಲಿ. ಚೀಟಿಯು ಅದನ್ನು ಕೇಳಿದಾಗ.

ಪರೀಕ್ಷೆಯ ಕ್ರಮವನ್ನು ಬದಲಾಯಿಸದೆ ಇದೆಲ್ಲ ನಡೆಯದು. ಪ್ರದರ್ಶನದ ದಿನ ಅರ್ಧ ನಿಮಿಷ ನಿಂತು ಹೋಗುವ ಅತಿಥಿಗಳ ಕಣ್ಣಿಗೆ ಬಣ್ಣವೇ ಕಾಣುವುದು. ನೂರರಲ್ಲಿ ಅರವತ್ತು ಅಂಕಗಳಾದರೂ ಒಂದು ತಿಂಗಳು ಆ ವಸ್ತುವನ್ನು ಬಳಸಿದವರ ಮಾತಿಗೆ ಇರಲಿ. ಅವರು ಓದುಬರಹ ಬಾರದವರಾದರೆ ಉಪಾಧ್ಯಾಯಿನಿಯು ಕೇಳಿ ಬರೆದುಕೊಳ್ಳಲಿ. ಮೂವತ್ತು ಅಂಕಗಳು ಬಾಲಿಕೆಯ ಪುಸ್ತಕಕ್ಕೆ: ಮೊದಲು ಮಾಡಿದ್ದು ಯಾಕೆ ಮುರಿಯಿತು, ಆಮೇಲೆ ಏನು ತಿದ್ದಿದಳು ಎಂಬುದಕ್ಕೆ. ಮುರಿದದ್ದನ್ನು ಒಂದು ಸಾರಿಯೂ ಬರೆಯದ ಪುಸ್ತಕವನ್ನು ನಾವು ಸಂಶಯದಿಂದ ನೋಡುವೆವು. ಉಳಿದ ಹತ್ತು ಅಂದಚೆಂದಕ್ಕಿರಲಿ. ಅಂಗಡಿಯಿಂದ ತಂದ ಸಾಮಾನಿಗೆ ತಲಾ ಐವತ್ತು ರೂಪಾಯಿಯ ಮಿತಿಯನ್ನಿಟ್ಟು, ಅದಕ್ಕಿಂತ ಹೆಚ್ಚು ಬೇಕಾದಲ್ಲಿ ಶಾಲೆಯೇ ಕೊಡತಕ್ಕದ್ದು. ಹತ್ತನೆಯ ತರಗತಿಯವರನ್ನು ಈ ಭಾರದಿಂದ ಬಿಟ್ಟು, ಎಂಟು ಮತ್ತು ಒಂಬತ್ತನೆಯವರಿಗೆ ಮಾತ್ರ ಇಡುವುದು ಒಳ್ಳೆಯದು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಬರುವ ಜೂನಿನಲ್ಲಿ ನಿಮ್ಮ ಮಗಳು ಒಂದು ವಾರ ನಿಮ್ಮ ಹಿಂದೆ ಮುಂದೆ ತಿರುಗುತ್ತ, ಬೆನ್ನು ಯಾವಾಗ ನೋಯುತ್ತದೆ, ಯಾವ ಬೆರಳಿಗೆ ಗಾಯವಾಯಿತು ಎಂದು ಕೇಳಿದರೆ ಗದರಿಸದೆ ಉತ್ತರ ಕೊಡಿರಿ. ದುಡ್ಡನ್ನು ಕೊಡಬೇಡಿರಿ. ಹಳೆಯ ಸೈಕಲ್ ಟ್ಯೂಬು, ಮುರಿದ ಕೊಡೆಯ ಕಡ್ಡಿಗಳು, ಒಂದು ಮಾರು ಬಿದಿರು, ಬಾಯಿಯಗಲದ ಬಾಟಲಿಗಳು, ಮೊಳೆ ಹೊಡೆಯಲು ಬರುವಂಥ ಹಲಗೆಯ ತುಂಡುಗಳು ಅಟ್ಟದ ಮೇಲಿದ್ದರೆ ಕೊಟ್ಟು ಕಳುಹಿಸಿರಿ. ಮೆಟ್ಟುಗತ್ತಿಯನ್ನು ಮಾತ್ರ ಬಟ್ಟೆ ಸುತ್ತಿ, ದೊಡ್ಡವರೇ ತಂದು ಶಾಲೆಯಲ್ಲಿ ಕೊಡತಕ್ಕದ್ದು.